ಮೊದಲು ಹೊರಗೆ ಬಿಡಿ, ಆಮೇಲೆ ಸಹಿ ಕೇಳಿ

ಕೇರಳ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಅಧಿಕಾರಿಗಳಿಗೆ,
ಹಾಗೂ ಗಡಿನಾಡಿನ ವಕೀಲ ಮಿತ್ರರಿಗೆ,

ವಿಷಯ: ಜೈಲಿನಲ್ಲಿರುವ ಕನ್ನಡಿಗ ಆರೋಪಿಗಳ ತಪ್ಪೊಪ್ಪಿಗೆ ಅರ್ಜಿ ಮತ್ತು ಅದಕ್ಕೂ ಮೊದಲು ಸಿಗಬೇಕಾದ ಬಿಡುಗಡೆ

ಮಾನ್ಯರೇ,

ಮಂಜೇಶ್ವರ ತಾಲೂಕಿನ ಒಬ್ಬ ನಿವೃತ್ತ ವಕೀಲ ಗುಮಾಸ್ತ ಬರೆಯುತ್ತಿರುವ ಪತ್ರ ಇದು. ನಾನು ಕಾನೂನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ವಕಾಲತ್ತಿಗೆ ಸಹಿ ಹಾಕಿಸುವುದು, ನಕಲಿಗೆ ಅರ್ಜಿ ಕೊಡುವುದು, ಜಾಮೀನಿಗೆ ಜನ ಹೊಂದಿಸುವುದು, ಪೋಸ್ಟಿಂಗ್ (ಕೇಸು ಕರೆಯುವ ದಿನ) ತಪ್ಪಿಸಬೇಡಿ ಎಂದು ಕಕ್ಷಿದಾರರ ಬೆನ್ನು ಹತ್ತುವುದು, ಇಷ್ಟೇ ನನ್ನ ಕೆಲಸವಾಗಿತ್ತು. ಪೀಠದ ಮೇಲೆ ಕೂತವರಿಗೆ ಕಾಣುವುದು ಒಂದು. ವರಾಂಡದ ಬೆಂಚಿನಲ್ಲಿ ಕೂತವರಿಗೆ ಕಾಣುವುದು ಇನ್ನೊಂದು. ನಾನು ಬೆಂಚಿನವನು.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ, ಸುಮ್ನೆ ಸುತ್ತಿ ಬಳಸುವುದು ಬೇಡ. ಜೈಲಿನಲ್ಲಿ ಕೂತಿರುವ ಮನುಷ್ಯನಿಂದ ತಪ್ಪೊಪ್ಪಿಗೆ ಅರ್ಜಿಗೆ ಸಹಿ ತೆಗೆದುಕೊಳ್ಳುವ ಮೊದಲು ಅವನಿಗೆ ಹೊರಗೆ ಬರಲು ಬೇರೆ ದಾರಿ ಇದೆಯೇ ಎಂದು ನೋಡಿ. ಇದ್ದರೆ ಮೊದಲು ಹೊರಗೆ ಬಿಡಿ. ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆ ಪಡೆಯುವ ಚೌಕಾಸಿಯ (ಪ್ಲೀ ಬಾರ್ಗೇನಿಂಗ್) ಮಾತು ಆಮೇಲೆ. ಆ ಮಾತು ಅವನಿಗೆ ಓದಲು ಬರುವ ಭಾಷೆಯಲ್ಲಿರಲಿ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಆ ಭಾಷೆ ಕನ್ನಡ.

ನಮ್ಮ ಊರಿನ ಜನರಿಗೆ ಕೋರ್ಟಿನ ಮೊದಲ ಪರಿಚಯ ಆಗುವುದು ಹೆಚ್ಚಾಗಿ ದಂಡ ಕಟ್ಟುವ ಕೇಸಿನಲ್ಲಿ. ಕೋಳಿಅಂಕದಲ್ಲಿ ಸಿಕ್ಕಿಬಿದ್ದದ್ದು, ಹೆಲ್ಮೆಟ್ ಇಲ್ಲದ ಬೈಕ್, ಇಸ್ಪೀಟು, ಕುಡಿದು ಗಲಾಟೆ. ಹೆಸರು ಕರೆದಾಗ ಹೋಗಿ ನಿಲ್ಲುವುದು, "ಹೌದು ಸ್ವಾಮಿ" ಅನ್ನುವುದು, ದಂಡ ಕಟ್ಟಿ ರಶೀದಿ ಕಿಸೆಗೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರುವುದು. ಇದರಲ್ಲಿ ಯಾರಿಗೂ ದೊಡ್ಡ ನಷ್ಟವಿಲ್ಲ. ಆದರೆ ಇದರಿಂದ ಒಂದು ಅಭ್ಯಾಸ ಬಂದುಬಿಟ್ಟಿದೆ. ಒಪ್ಪಿಕೊಂಡರೆ ಕೇಸು ಮುಗಿಯಿತು ಎಂಬ ಅಭ್ಯಾಸ. ಕಳ್ಳತನದ ಕೇಸಿಗೂ, ಹೊಡೆದಾಟದ ಕೇಸಿಗೂ ಜನ ಅದೇ ಲೆಕ್ಕ ಹಿಡಿದುಕೊಂಡು ಬರುತ್ತಾರೆ. ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ ಎಂದು ಕೇಳಿ ಬೆಳೆದವರಲ್ವಾ? ಬೇಗ ಮುಗಿಯುವುದಾದರೆ ಏನು ಬೇಕಾದರೂ ಸೈ.

ಒಂದು ಪ್ರಕರಣ ಹೇಳುತ್ತೇನೆ. ಕೋರ್ಟಿನ ಹೆಸರು, ವಕೀಲರ ಹೆಸರು ಹೇಳುವುದಿಲ್ಲ. ಯಾರನ್ನೂ ಕಟಕಟೆಗೆ ತರುವುದು ನನ್ನ ಉದ್ದೇಶವಲ್ಲ.

ತಾಲೂಕಿನ ಒಳನಾಡಿನ ಒಬ್ಬ ಹುಡುಗ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಗೆ ಬೇಕಾದಷ್ಟು ಮಲಯಾಳ. ಅಡಿಕೆ ಕೊಯ್ಲಿಗೆ ಹೋಗುತ್ತಿದ್ದ. ಒಂದು ಮನೆಯ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ರಾತ್ರಿ ಮಾಯವಾಯಿತು. ಮರುದಿನ ಇವನ ಮೇಲೆ ಕೇಸು. ಭಾರತೀಯ ನ್ಯಾಯ ಸಂಹಿತೆಯ ಕಲಂ 303(2), ಸಾದಾ ಕಳ್ಳತನ. ಹೆಚ್ಚೆಂದರೆ 3 ವರ್ಷ ಶಿಕ್ಷೆ. ಅಡಿಕೆಯೂ ಸಿಕ್ಕಿತು. ಎರಡನೇ ವಾರವೇ ಜಾಮೀನಿನ ಆದೇಶವೂ ಆಯಿತು. ಅಂದರೆ ಅವನು ಹೊರಗಿರಬಹುದು ಎಂದು ಕೋರ್ಟೇ ಹೇಳಿಯಾಗಿತ್ತು.

ಆದರೆ ಇಬ್ಬರು ಜಾಮೀನುದಾರರು ಬೇಕು, ಅವರ ಹೆಸರಿನಲ್ಲಿ ಭೂತೆರಿಗೆ ರಶೀದಿ ಬೇಕು. ತಾಯಿ ಬೀಡಿ ಕಟ್ಟುವವರು. ಪಕ್ಕದ ಮನೆಯವರು ಮನಸ್ಸು ಮಾಡಿದರು, ಆದರೆ ಅವರ ಜಾಗದ ರಶೀದಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ. ಪಾಲಾಗದ ಜಾಗ ನಮ್ಮಲ್ಲಿ ಮನೆಗೊಂದು ಇದೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋದರಮಾವ ವಿಟ್ಲದ ಕಡೆಯವರು. ಅವರ ಹೆಸರಿನಲ್ಲಿ ತೋಟವಿದೆ, ಕೈಯಲ್ಲಿ ಆರ್‌ಟಿಸಿ ಇದೆ. ಆರ್‌ಟಿಸಿ ಕರ್ನಾಟಕದ ಕಾಗದ, ಇಲ್ಲಿ ನಡೆಯುವುದಿಲ್ಲ ಎಂದಾಯಿತು. ಬೆಳಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಕಾಸರಗೋಡು ತಲುಪುವ ಮಾವ ಕಾನೂನಿನ ಕಣ್ಣಿಗೆ ಪರದೇಶಿಯಾದರು.

ಹುಡುಗ ಒಳಗೇ ಉಳಿದ. ಚಾರ್ಜ್ ಶೀಟ್ ಬಂತು, ಆರೋಪ ಓದಿದರು. ಆಗ ಯಾರೋ ದಾರಿ ತೋರಿಸಿದರು: ಪ್ಲೀ ಬಾರ್ಗೇನಿಂಗ್‌ಗೆ ಅರ್ಜಿ ಹಾಕಿ, ಬೇಗ ಮುಗಿಯುತ್ತದೆ. ತಾಯಿ ಆ ಕಾಗದದ ಝೆರಾಕ್ಸ್ ಹಿಡಿದುಕೊಂಡು ನನ್ನ ಮನೆಗೆ ಬಂದರು.

"ಅಣ್ಣಾ, ಇದರಿಂದ ಹುಡುಗ ಬೇಗ ಬರ್ತಾನಂತೆ. ಹೌದಾ?"

"ಇದರಲ್ಲಿ ಏನು ಬರೆದಿದೆ ಅಂತ ಯಾರಾದರೂ ಓದಿ ಹೇಳಿದರಾ?"

"ಒಪ್ಪಿಕೊಂಡರೆ ಕೇಸು ಮುಗೀತದೆ ಅಂದ್ರು."

ಕಾಗದ ಇಂಗ್ಲಿಷಿನಲ್ಲಿತ್ತು. ಕೆಳಗೆ ಹುಡುಗನ ಸಹಿ ಆಗಲೇ ಬಿದ್ದಿತ್ತು, ಕನ್ನಡದಲ್ಲಿ, ಶಾಲೆಯ ಕಾಪಿ ಪುಸ್ತಕದ ಹಾಗೆ ದುಂಡಗಿನ ಅಕ್ಷರ. ಜೊತೆಗಿದ್ದ ಅಫಿಡವಿಟ್ಟಿನಲ್ಲಿ ಬರೆದದ್ದು ಇಷ್ಟು: ಈ ಅಪರಾಧಕ್ಕೆ ಕಾನೂನಿನಲ್ಲಿರುವ ಶಿಕ್ಷೆ ಎಂಥದು, ಎಷ್ಟು ಎಂದು ಅರ್ಥಮಾಡಿಕೊಂಡು, ಸ್ವಂತ ಇಚ್ಛೆಯಿಂದ ಈ ಅರ್ಜಿ ಕೊಡುತ್ತಿದ್ದೇನೆ. ಓದಲು ಬಾರದ ಭಾಷೆಯಲ್ಲಿ ಅರ್ಥವಾಗಿದೆ ಎಂದು ಪ್ರಮಾಣ ಮಾಡಿಸಿದ್ದರು.

ಮುಂದಿನದ್ದು ಲೆಕ್ಕ. ಮೊದಲ ಸಲದ ಅಪರಾಧಿಗೆ ಪ್ಲೀ ಬಾರ್ಗೇನಿಂಗ್‌ನಲ್ಲಿ ಗರಿಷ್ಠ ಶಿಕ್ಷೆಯ ಆರನೇ ಒಂದು ಭಾಗ ವಿಧಿಸಬಹುದು. 3 ವರ್ಷದ ಆರನೇ ಒಂದು ಅಂದರೆ 6 ತಿಂಗಳು. ತೀರ್ಪಿನ ದಿನ ಬರುವಾಗ ಅವನು ಒಳಗೆ ಕಳೆದದ್ದು ಅದಕ್ಕಿಂತ ಜಾಸ್ತಿಯೇ ಆಗಿತ್ತು. ರಿಮಾಂಡಿನಲ್ಲಿ ಕಳೆದ ದಿನ ಶಿಕ್ಷೆಯಲ್ಲಿ ವಜಾ ಆಗುತ್ತದೆ. ಅದೇ ಸಂಜೆ ಮನೆಗೆ ಬಂದ. ತಾಯಿ ದೇವಸ್ಥಾನಕ್ಕೆ ಹೂವಿನ ಪೂಜೆ ಹೇಳಿದರು. ಎಲ್ಲರಿಗೂ ಖುಷಿ.

ಖುಷಿ ಮುಗಿದದ್ದು ಗಲ್ಫಿನ ವೀಸಾ ಬಂದಾಗ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಹೋದರೆ ಶಿಕ್ಷೆಯಾದ ಕೇಸು ಎದುರಿಗೆ ಬಂತು. ಕಾಸರಗೋಡಿನ ಹುಡುಗನಿಗೆ ಗಲ್ಫಿನ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂದು ಈ ಜಿಲ್ಲೆಯಲ್ಲಿ ಕೆಲಸ ಮಾಡಿದ ಯಾವ ಅಧಿಕಾರಿಗೂ ವಿವರಿಸಬೇಕಿಲ್ಲ. ಅವನು ಕದ್ದಿದ್ದನೇ ಇಲ್ಲವೇ ಎಂಬುದನ್ನು ಯಾವ ಸಾಕ್ಷಿಯ ಮುಂದೆಯೂ ಯಾರೂ ವಿಚಾರಿಸಲೇ ಇಲ್ಲ.

ಇದರಲ್ಲಿ ನನಗೆ ಜಾಸ್ತಿ ಹೊಟ್ಟೆ ಉರಿಸಿದ ಸಂಗತಿ ಬೇರೆಯೇ. ಅಡಿಕೆ ಕಳೆದುಕೊಂಡ ಯಜಮಾನರು ಒಂದು ಮದುವೆ ಮನೆಯಲ್ಲಿ ಸಿಕ್ಕಿದರು. "ಅಡಿಕೆ ಸಿಕ್ಕಿತಲ್ಲ ಮಾರಾಯ್ರೆ, ಹುಡುಗನನ್ನು ಕೊಳೆಸಬೇಕು ಅಂತ ನನಗೇನೂ ಇರಲಿಲ್ಲ. ಯಾರಾದರೂ ಕೇಳಿದ್ದರೆ ಮುಗಿಸಿಬಿಡುತ್ತಿದ್ದೆ" ಅಂದರು. ಕಾನೂನು ಏನು ಹೇಳುತ್ತದೆ ನೋಡಿ. ಸಾದಾ ಕಳ್ಳತನ ರಾಜಿಯಾಗಬಲ್ಲ ಅಪರಾಧ. ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 359ರ ಪಟ್ಟಿಯಲ್ಲೇ ಇದೆ. ಮಾಲಿನ ಯಜಮಾನ ಒಪ್ಪಿದರೆ ಸಾಕು. ಹಾಗೆ ರಾಜಿಯಾದರೆ ಅದರ ಫಲ ಖುಲಾಸೆ. ಅದೇ ಯಜಮಾನರು, ಅದೇ ಹುಡುಗ, ಅದೇ ಅಡಿಕೆ. ರಾಜಿಯ ಬಾಗಿಲಿನಿಂದ ಹೋಗಿದ್ದರೆ ಅವನ ಹೆಸರಿನ ಮೇಲೆ ಕಪ್ಪು ಚುಕ್ಕೆ ಇರುತ್ತಿರಲಿಲ್ಲ. ಚೌಕಾಸಿಯ ಬಾಗಿಲಿನಿಂದ ಹೋದದ್ದಕ್ಕೆ ಶಿಕ್ಷೆಗೊಳಗಾದವನಾದ. ಹೊರಗಿನಿಂದ ನೋಡುವವನಿಗೆ ಎರಡೂ "ಕಾಂಪ್ರಮೈಸ್". ಒಳಗಿದ್ದವನಿಗೆ ಹೊರಗೆ ಬರುವುದೊಂದೇ ಮುಖ್ಯ, ಯಾವ ಬಾಗಿಲಾದರೇನು?

ಹಸಿದವನ ಮುಂದೆ ಎಲೆ ಹಾಕಿ, ಅನ್ನ ಬಡಿಸಿ, ಉಣ್ಣುವ ಮೊದಲು ಈ ಕಾಗದಕ್ಕೆ ಸಹಿ ಹಾಕು ಎಂದರೆ ಅವನು ಕಾಗದ ಓದುತ್ತಾನೆಯೇ? ಅದನ್ನು "ಸ್ವಂತ ಇಚ್ಛೆ" ಎಂದು ದಾಖಲೆ ಮಾಡಿದರೆ ಯಾರಿಗೆ ಸಮಾಧಾನ?

ಪ್ಲೀ ಬಾರ್ಗೇನಿಂಗೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದು 2006ರ ಜುಲೈ 5ರಂದು ಜಾರಿಗೆ ಬಂತು. ಅದಕ್ಕೂ ಮೊದಲು ಸುಪ್ರೀಂ ಕೋರ್ಟ್ ಇಂಥ ಚೌಕಾಸಿಯನ್ನು ಖಂಡಿಸುತ್ತಲೇ ಬಂದಿತ್ತು. 1980ರ ಕಾಸಂಭಾಯಿ ಪ್ರಕರಣದಲ್ಲಿ ಕೋರ್ಟಿಗೆ ಇದ್ದ ಆತಂಕ ಇದೇ: ಏನೂ ಮಾಡದವನೂ ವರ್ಷಗಟ್ಟಲೆ ವಿಚಾರಣೆ ಯಾರಿಗೆ ಬೇಕು ಎಂದು ತಪ್ಪೊಪ್ಪಿಕೊಂಡಾನು. ಆಮೇಲೆ ಕಾನೂನು ಆಯೋಗ 1991ರ ತನ್ನ 142ನೇ ವರದಿಯಲ್ಲಿ ಇದು ಬೇಕು ಎಂದಿತು. 2003ರಲ್ಲಿ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಸಮಿತಿಯೂ ಅದಕ್ಕೆ ದನಿಗೂಡಿಸಿತು. ಮಳಿಮಠರು ನಮ್ಮ ಕನ್ನಡದವರು. ಕರ್ನಾಟಕ, ಕೇರಳ ಎರಡೂ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ಗಡಿಯ ಎರಡೂ ಬದಿ ನೋಡಿದವರು.

ಈಗ 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 289ರಿಂದ 300ರವರೆಗಿನ ಕಲಂಗಳಲ್ಲಿ ಈ ವಿಷಯವಿದೆ. 7 ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರುವ ಕೇಸಿಗೆ ಇದು ಅನ್ವಯಿಸುವುದಿಲ್ಲ. ಹೆಂಗಸರ ಮೇಲಿನ ಅಪರಾಧಕ್ಕೆ, ಮಕ್ಕಳ ಮೇಲಿನ ಅಪರಾಧಕ್ಕೆ ಇಲ್ಲ. ತಲಪಾಡಿ ದಾಟಿಸಿ ಕರ್ನಾಟಕದ ಮದ್ಯ ತಂದು ಸಿಕ್ಕಿಬಿದ್ದವರೂ ಇದನ್ನು ಕೇಳುತ್ತಾರೆ. ಅಬಕಾರಿ ಕಾಯ್ದೆಯ ಕಲಂ 55 ಹಾಕಿದರೆ 10 ವರ್ಷದವರೆಗೆ ಶಿಕ್ಷೆ ಇದೆ, ಹಾಗಾಗಿ ಚೌಕಾಸಿಗೆ ಜಾಗವಿಲ್ಲ. ಇದನ್ನೂ ಅವರಿಗೆ ಯಾರೂ ಹೇಳುವುದಿಲ್ಲ. ಅವರು ಅರ್ಜಿ ಹಾಕಿ ಕಾಯುತ್ತಾರೆ.

ಕಾಯ್ದೆ ಬರೆದವರು ಈ ಅಪಾಯ ಯೋಚಿಸಿಲ್ಲ ಎಂದಲ್ಲ. ಅರ್ಜಿ ಬಂದ ಮೇಲೆ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಗುಟ್ಟಾಗಿ ವಿಚಾರಿಸಬೇಕು. ಸರ್ಕಾರಿ ವಕೀಲರಾಗಲಿ, ದೂರುದಾರರಾಗಲಿ ಆಗ ಅಲ್ಲಿ ಇರುವಂತಿಲ್ಲ. ಯಾರ ಒತ್ತಾಯವೂ ಇಲ್ಲ ತಾನೇ ಎಂದು ಕೇಳಲಿಕ್ಕೇ ಈ ಏರ್ಪಾಡು. ಒಳ್ಳೆಯ ಏರ್ಪಾಡು. ಆದರೆ ಆ ಕೋಣೆಯಲ್ಲಿ ಕೇಳುವವರ ಭಾಷೆ ಒಂದು, ಉತ್ತರ ಕೊಡುವವನ ಭಾಷೆ ಇನ್ನೊಂದಾದರೆ? ಮಂಜೇಶ್ವರ ಸಪ್ತಭಾಷೆಯ ನೆಲ ಎಂದು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಮೀನು ಮಾರುಕಟ್ಟೆಯಲ್ಲಿ ಮಲಯಾಳದಲ್ಲಿ ಚೌಕಾಸಿ ಮಾಡುವವನಿಗೆ ಕೋರ್ಟಿನ ಮಲಯಾಳವೂ ಬರುತ್ತದೆ ಎಂದು ಅಧಿಕಾರಿಗಳು ಅಂದುಕೊಳ್ಳುತ್ತಾರೆ. ಕೇಳಿದ್ದಕ್ಕೆಲ್ಲ ಇವನು "ಹೂಂ" ಅನ್ನುತ್ತಾನೆ. ಅರ್ಥವಾಗಲಿಲ್ಲ ಎಂದು ಹೇಳಿದರೆ ಎಲ್ಲಿ ಬಿಡುಗಡೆ ತಪ್ಪುತ್ತದೋ ಎಂಬ ಹೆದರಿಕೆ ಅವನಿಗೆ.

ಒಮ್ಮೆ ತೀರ್ಪಾದ ಮೇಲೆ ಹಿಂದೆ ಹೋಗುವ ದಾರಿಯೂ ಕಿರಿದು. ಕಲಂ 295ರ ಪ್ರಕಾರ ಮಾಮೂಲಿ ಅಪೀಲು ಇಲ್ಲ. ಹೈಕೋರ್ಟಿಗೆ ರಿಟ್, ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ, ಅಷ್ಟೇ. ಬೀಡಿ ಕಟ್ಟುವ ತಾಯಿ ಎರ್ನಾಕುಳಂಗೆ ಹೋಗಿ ರಿಟ್ ಹಾಕಿಸುತ್ತಾರೆಯೇ? ಹೊಸ ಸಂಹಿತೆ ಇನ್ನೊಂದು ಗಡುವನ್ನೂ ತಂದಿದೆ. ಆರೋಪ ಹೊರಿಸಿದ 30 ದಿನದೊಳಗೆ ಅರ್ಜಿ ಬರಬೇಕು. ಹಳೆಯ ಕಾನೂನಿನಲ್ಲಿ ಈ ಗಡುವು ಇರಲಿಲ್ಲ. ಕೇಸು ಬೇಗ ಮುಗಿಯಲಿ ಎಂಬುದು ಉದ್ದೇಶವಿರಬಹುದು. ಆದರೆ ಜೈಲಿನಲ್ಲಿದ್ದವನಿಗೆ 30 ದಿನ ಅಂದರೆ ವಕೀಲರ ಮುಖ ಒಂದೋ ಎರಡೋ ಸಲ ಕಾಣುವಷ್ಟು ಸಮಯ. ಆ ಒಂದೆರಡು ಭೇಟಿಯಲ್ಲೇ ಜೀವನದ ತೀರ್ಮಾನ.

ಅಮೆರಿಕದ ಸುದ್ದಿಗಳಲ್ಲಿ "ಡೀಲ್" ಎಂಬ ಮಾತು ಕೇಳಿದವರು ಅಲ್ಲಿಯ ಹಾಗೇ ಇಲ್ಲಿಯೂ ಅಂದುಕೊಳ್ಳುತ್ತಾರೆ. ಅಲ್ಲಿ ಶಿಕ್ಷೆಯಾಗುವ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತಪ್ಪೊಪ್ಪಿಗೆಯಿಂದಲೇ ಮುಗಿಯುತ್ತವೆ. ಒಪ್ಪಿಕೊಂಡ ಮೇಲೆ ಶಿಕ್ಷೆ ಎಷ್ಟು ಎಂದು ಹೇಳಲು ತಿಂಗಳುಗಳೇ ಹಿಡಿಯುತ್ತವೆ. ಆ ನಡುವೆ ಮನುಷ್ಯ ಒಳಗಿರಬೇಕೋ ಹೊರಗಿರಬೇಕೋ ಎಂಬುದಕ್ಕೆ ಕೇಂದ್ರ ಕೋರ್ಟುಗಳಲ್ಲಿ 1984ರ ಜಾಮೀನು ಕಾಯ್ದೆ ಇದೆ. ಓಡಿಹೋಗುವುದಿಲ್ಲ, ಯಾರಿಗೂ ಅಪಾಯ ಮಾಡುವುದಿಲ್ಲ ಎಂದು ಒಪ್ಪಿಕೊಂಡವನೇ ನಂಬಿಸಬೇಕು. ನಮ್ಮಲ್ಲಿ ಒಪ್ಪಿಗೆಗೂ ಶಿಕ್ಷೆಗೂ ನಡುವೆ ಅಷ್ಟು ಅಂತರವಿಲ್ಲ. ನಮ್ಮ ತೊಂದರೆ ಇರುವುದು ಅದಕ್ಕೂ ಹಿಂದೆ. ಇಲ್ಲಿ ಮನುಷ್ಯ ಮೊದಲೇ ಒಳಗಿರುತ್ತಾನೆ, ಒಳಗಿದ್ದಾನೆ ಎಂಬ ಕಾರಣಕ್ಕೇ ಒಪ್ಪಿಕೊಳ್ಳುತ್ತಾನೆ. 2022ರ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆ ಮುಗಿಯದವರು.

ಹೊರಗೆ ಬರುವ ದಾರಿಗಳು ಕಾನೂನಿನಲ್ಲೇ ಇವೆ. ಅದಕ್ಕೇ ಈ ಪತ್ರ ಬರೆಯುತ್ತಿರುವುದು. ಹೊಸದೇನನ್ನೂ ನಾನು ಕೇಳುತ್ತಿಲ್ಲ.

ಅದೇ ಹೊಸ ಸಂಹಿತೆಯ ಕಲಂ 479 ನೋಡಿ. ಹಿಂದೆ ಎಂದೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡಬೇಕು. ಬೇರೆಯವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಶಿಕ್ಷೆಯ ಕೇಸಿಗೆ ಇದಿಲ್ಲ, ಒಂದಕ್ಕಿಂತ ಹೆಚ್ಚು ಕೇಸು ಇದ್ದವರಿಗೂ ಇಲ್ಲ. 2024ರ ಆಗಸ್ಟ್ 23ರಂದು ಸುಪ್ರೀಂ ಕೋರ್ಟ್ ಇದು ಹಳೆಯ ಕೇಸುಗಳಿಗೂ ಅನ್ವಯ ಎಂದು ಹೇಳಿತು. ಅರ್ಜಿ ಹಾಕಬೇಕಾದ್ದು ಕೈದಿಯಲ್ಲ, ಜೈಲಿನ ಸೂಪರಿಂಟೆಂಡೆಂಟರು. ಇನ್ನೂ ಮುಖ್ಯ ಸಂಗತಿ ಎಂದರೆ, ಮೊದಲ ಸಲದವನನ್ನು ಬಿಡುವುದು ಬರೀ ಬಾಂಡಿನ ಮೇಲೆ. ಸಂಹಿತೆ ಬಾಂಡ್ ಬೇರೆ, ಜಾಮೀನು ಬಾಂಡ್ ಬೇರೆ ಎಂದು ಆರಂಭದಲ್ಲೇ ಬಿಡಿಸಿ ಹೇಳಿದೆ. ಬಾಂಡಿಗೆ ಜಾಮೀನುದಾರ ಬೇಡ. ಅಂದರೆ ತೆರಿಗೆ ರಶೀದಿಯೂ ಬೇಡ. 3 ವರ್ಷದ ಕೇಸಿನಲ್ಲಿ ಆ ದಿನ ಬರುವುದು 1 ವರ್ಷಕ್ಕೆ. ಮನೆಯೊಳಗಿಂದ ಕದ್ದ ಕೇಸಾದರೆ ಗರಿಷ್ಠ 7 ವರ್ಷ, ಆಗ 2 ವರ್ಷ 4 ತಿಂಗಳು ಕಾಯಬೇಕು. ಅದು ತೀರಾ ದೂರ, ಒಪ್ಪುತ್ತೇನೆ. ಅಷ್ಟು ಕಾಲ ಕಾಯಿಸಬೇಕಾದ ಅಗತ್ಯವೇ ಇಲ್ಲ. ಯಾಕೆಂದರೆ ಜಾಮೀನು ಸಿಕ್ಕಿಯೂ ಹೊರಗೆ ಬಾರದವರಿಗೆ ಬೇರೆ ದಾರಿ ಇದೆ.

2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನ ಗಡಿಯ ಜನರಿಗಾಗಿಯೇ ಬರೆದ ಹಾಗಿದೆ. ಜಾಮೀನು ಆದೇಶವಾಗಿ 7 ದಿನದಲ್ಲಿ ಕೈದಿ ಹೊರಗೆ ಬಾರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳೊಳಗೆ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುತ್ತದೆ, ಅಂಥ ಕಡೆ ಆ ಷರತ್ತು ಹಾಕದಿರುವುದು ಒಳ್ಳೆಯದು ಎಂದೂ ಅದರಲ್ಲಿದೆ. ವಿಟ್ಲದ ಮಾವನನ್ನು ವಾಪಸು ಕಳಿಸಬೇಕಾಗಿರಲಿಲ್ಲ.

ನಿಜ ಹೇಳಬೇಕೆಂದರೆ ಇದು ಹೊಸ ಮಾತೂ ಅಲ್ಲ. 1978ರಲ್ಲಿ ಮೋತಿರಾಂ ಎಂಬ ಗಾರೆ ಕೆಲಸದವರ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನೇ ಕೇಳಿದ್ದರು. ಬಡ ಕೂಲಿಗೆ 10,000 ರೂಪಾಯಿ ಜಾಮೀನು, ಅದೂ ಇದೇ ಜಿಲ್ಲೆಯ ಜಾಮೀನುದಾರ ಬೇಕು ಎಂದರೆ ಹೇಗೆ? ಒಬ್ಬ ಮಲಯಾಳಿ, ಕನ್ನಡಿಗ, ತಮಿಳ ಅಥವಾ ತೆಲುಗಿನವನನ್ನು ಬಸ್ತರದಲ್ಲೋ ಪೋರ್ಟ್ ಬ್ಲೇರಿನಲ್ಲೋ ಹಿಡಿದರೆ ಅವನು ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಅವರ ಪ್ರಶ್ನೆ. ತಲಶ್ಶೇರಿಯಲ್ಲಿ ವಕೀಲಿಕೆ ಮಾಡಿದವರು ಅವರು. 1984ರಲ್ಲಿ ಕಾಸರಗೋಡು ಜಿಲ್ಲೆಯಾಗುವವರೆಗೆ ನಾವು ಕಣ್ಣೂರು ಜಿಲ್ಲೆಯವರೇ ಆಗಿದ್ದೆವು, ಹಾಗಾಗಿ ಅವರು ನಮ್ಮ ಹಳೆಯ ಜಿಲ್ಲೆಯ ವಕೀಲರು ಎಂದು ಹೇಳಿಕೊಳ್ಳುವ ಹಕ್ಕು ನಮಗಿದೆ. ಅವರ ಹುಟ್ಟುಹಬ್ಬ ನವೆಂಬರ್ 15ನ್ನು ಕೇರಳದಲ್ಲಿ ಪ್ರೊಬೇಷನ್ ದಿನ ಎಂದು ಆಚರಿಸುತ್ತಾರೆ.

ಆ ಪ್ರೊಬೇಷನ್ ಮಾತೇ ಗಡಿ ಕೋರ್ಟುಗಳ ವರಾಂಡದಲ್ಲಿ ಕೇಳುವುದಿಲ್ಲ. 1958ರ ಕಾಯ್ದೆ ಅದು. ಸಾದಾ ಕಳ್ಳತನ, ಮನೆ ಕಳ್ಳತನದಂಥ ಕೇಸಿನಲ್ಲೂ ಮೊದಲ ಸಲದವನನ್ನು ಎಚ್ಚರಿಕೆ ಹೇಳಿ ಬಿಡಬಹುದು, ಅಥವಾ ಒಳ್ಳೆಯ ನಡತೆಯ ಬಾಂಡಿನ ಮೇಲೆ ಬಿಡಬಹುದು. ಅದರ 12ನೇ ಕಲಂ ಪ್ರಕಾರ, ಹಾಗೆ ಬಿಡುಗಡೆಯಾದವನಿಗೆ ಶಿಕ್ಷೆಯ ಜೊತೆ ಬರುವ ಅನರ್ಹತೆ ಅಂಟುವುದಿಲ್ಲ. ಪ್ಲೀ ಬಾರ್ಗೇನಿಂಗ್ ತೀರ್ಪಿನಲ್ಲೂ ಪ್ರೊಬೇಷನ್ ಕೊಡಬಹುದು ಎಂದು ಹೊಸ ಸಂಹಿತೆಯ ಕಲಂ 293ರಲ್ಲೇ ಬರೆದಿದೆ. ಮ್ಯಾಜಿಸ್ಟ್ರೇಟರು ಆರನೇ ಒಂದರ ಲೆಕ್ಕಕ್ಕೆ ಹೋಗುವ ಮೊದಲು ನೋಡಬೇಕಾದ್ದೇ ಇದು. ನಮ್ಮ ಹುಡುಗನ ಅರ್ಜಿಯಲ್ಲಿ ಆ ಪ್ರಾರ್ಥನೆಯೇ ಇರಲಿಲ್ಲ. ಇದ್ದಿದ್ದರೆ ವೀಸಾದ ಕಥೆ ಬೇರೆಯಾಗಬಹುದಿತ್ತು.

ಹಣದ ವಿಷಯಕ್ಕೆ ಎರಡೇ ಮಾತು. ಬಡ ಕೈದಿಗಳಿಗೆ ಜಾಮೀನಿಗಾಗಿ ಹಣ ಕೊಡುವ ಕೇಂದ್ರದ ಯೋಜನೆ 2023ರಿಂದ ಇದೆ. ಒಳ್ಳೆಯದೇ. ಆದರೆ ಹಣದಿಂದ ಅಜ್ಜನ ಹೆಸರಿನ ರಶೀದಿ ಮೊಮ್ಮಗನ ಹೆಸರಿಗೆ ಬರುವುದಿಲ್ಲ.

ಭಾಷೆಯ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಯಾವ ಗೊಂದಲವೂ ಇಲ್ಲ. 1962ರ ಹರಿಕಿಷನ್ ಪ್ರಕರಣದಲ್ಲಿ, ಹಿಂದಿ ಮಾತ್ರ ಬಲ್ಲ ಬಂದಿಗೆ ಇಂಗ್ಲಿಷಿನಲ್ಲಿ ಕಾರಣ ಕೊಟ್ಟು ಬಾಯಿಮಾತಿನಲ್ಲಿ ವಿವರಿಸಿದರೆ ಸಾಲದು ಎಂದು ಬಂಧನವನ್ನೇ ರದ್ದು ಮಾಡಿತು. 2025ರ ಫೆಬ್ರವರಿಯಲ್ಲಿ, ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ತಿಳಿಸಬೇಕು ಎಂದು ಮತ್ತೆ ಹೇಳಿತು. ಹಿಡಿಯುವಾಗ ಅವನ ಭಾಷೆ ಬೇಕು. ಒಪ್ಪಿಸುವಾಗ ಬೇಡವೇ? ತೀರ್ಪಿನ ಪ್ರತಿಯನ್ನು ಕೂಡ ಆರೋಪಿ ಕೇಳಿದರೆ, ಸಾಧ್ಯವಿದ್ದಲ್ಲಿ ಅವನ ಭಾಷೆಗೆ ಅನುವಾದಿಸಿ ಕೊಡಬೇಕು ಎಂದು ಸಂಹಿತೆ ಹೇಳುತ್ತದೆ. ಎಷ್ಟು ಜನ ಕೇಳಿದ್ದಾರೆ? ಕೇಳಬಹುದು ಎಂದೇ ಗೊತ್ತಿಲ್ಲದವರು ಏನು ಕೇಳುತ್ತಾರೆ?

1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದರು. ಅದರ ಬಗ್ಗೆ ಹಳೆಯ ವಾದ ಇಲ್ಲಿ ತೆಗೆಯುವುದಿಲ್ಲ, ಅದು ಬೇರೆ ಪತ್ರಕ್ಕೆ. ಶಾಲೆ, ಪಂಚಾಯತು, ಬಸ್ಸಿನ ಬೋರ್ಡು, ಇದರಲ್ಲೆಲ್ಲ ಕನ್ನಡಕ್ಕಾಗಿ ಹೋರಾಡುವ ಸಂಘಟನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಜೈಲಿನಲ್ಲಿದ್ದವನ ಕನ್ನಡಕ್ಕೆ ಯಾರೂ ಧ್ವಜ ಹಿಡಿಯುವುದಿಲ್ಲ. ಅವನು ಆರೋಪಿ ಅಲ್ವಾ, ಅವನ ಪರ ಮಾತಾಡಿದರೆ ನಮಗೂ ಕೆಟ್ಟ ಹೆಸರು. ಈ ಮಾತು ಸಂಘಟನೆಗಳ ಮಿತ್ರರಿಗೂ ಸೇರಿ.

ಈಗ ಪ್ರಾಧಿಕಾರದಿಂದ ಆಗಬೇಕಾದ್ದು. ಬಂಧನದಲ್ಲಿರುವ ಯಾರಿಗೇ ಆಗಲಿ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಎಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಆ ವಕೀಲರು ತಪ್ಪೊಪ್ಪಿಗೆ ಅರ್ಜಿಗೆ ಸಹಿ ಹಾಕಿಸುವ ಮೊದಲು ಒಂದು ಪುಟದ ಕನ್ನಡ ಕಾಗದವನ್ನು ಆರೋಪಿಗೆ ಓದಿ ಹೇಳಿ, ಅದರ ಕೆಳಗೆ ತಾವೂ ಸಹಿ ಹಾಕಲಿ. ಈ ಕೇಸು ರಾಜಿಯಾಗುತ್ತದೆಯೇ, ಜಾಮೀನಿನ ಷರತ್ತು ಸಡಿಲಿಸಲು ಕೇಳಿದ್ದೇವೆಯೇ, 479ರ ದಿನ ಎಂದು ಬರುತ್ತದೆ, ಪ್ರೊಬೇಷನ್ ಕೇಳುತ್ತಿದ್ದೇವೆಯೇ, ಒಪ್ಪಿಕೊಂಡರೆ ಇದು ಶಿಕ್ಷೆಯಾದ ಕೇಸು ಎಂದು ದಾಖಲಾಗುತ್ತದೆ ಎಂಬುದು ಗೊತ್ತೇ. ಇಷ್ಟಕ್ಕೆ ಅದರಲ್ಲಿ ಉತ್ತರ ಇರಲಿ. ಅರ್ಜಿ ಯಾವ ಭಾಷೆಯಲ್ಲಾದರೂ ಇರಲಿ, ಈ ಕಾಗದ ಮಾತ್ರ ಆರೋಪಿಯ ಭಾಷೆಯಲ್ಲಿರಬೇಕು.

ಗುಟ್ಟಿನ ವಿಚಾರಣೆಗೆ ಕನ್ನಡ, ತುಳು ಬಲ್ಲ ಒಬ್ಬರನ್ನು ದುಭಾಷಿಯಾಗಿ ಕಳಿಸುವ ಪಟ್ಟಿ ನಿಮ್ಮ ಬಳಿ ಇರಲಿ. ಪೊಲೀಸ್ ಸ್ಟೇಷನ್ನಿನಿಂದ ಬಂದವರು ಆ ಕೆಲಸ ಮಾಡುವುದು ಬೇಡ. ನಮ್ಮಲ್ಲಿ ನಿವೃತ್ತ ಕನ್ನಡ ಮೇಷ್ಟ್ರುಗಳಿಗೆ ಬರವಿಲ್ಲ, ಅರೆಕಾನೂನು ಸ್ವಯಂಸೇವಕರಾಗಿ ಬರಲು ಒಪ್ಪುವವರೂ ಇದ್ದಾರೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯ ಮುಂದೆ, ಜಾಮೀನು ಸಿಕ್ಕಿಯೂ ಒಳಗಿರುವ ಗಡಿಯವರ ಹೆಸರನ್ನು ಬೇರೆಯಾಗಿ ಇಡಿಸಿ. ಕರ್ನಾಟಕದ ಆರ್‌ಟಿಸಿಯನ್ನು ಇಲ್ಲಿ, ಕೇರಳದ ತೆರಿಗೆ ರಶೀದಿಯನ್ನು ಮಂಗಳೂರಿನಲ್ಲಿ ಒಪ್ಪುವ ವಿಷಯ ನಿಮ್ಮ ಕೈಯಲ್ಲಿಲ್ಲ, ಹೈಕೋರ್ಟುಗಳ ಕೈಯಲ್ಲಿದೆ. ಆದರೆ ಅವರಿಗೆ ಬರೆಯುವುದು ನಿಮ್ಮ ಕೈಯಲ್ಲಿದೆ. ಆಚೆ ಬದಿಯ ತೊಂದರೆಯೂ ಇಷ್ಟೇ ದೊಡ್ಡದು. ಮಂಜೇಶ್ವರದ ಹುಡುಗ ಮಂಗಳೂರಿನಲ್ಲಿ ಸಿಕ್ಕಿಬಿದ್ದರೆ ಅಲ್ಲಿ ಇವನ ಅಪ್ಪ ಪರದೇಶಿ.

ವಕೀಲ ಮಿತ್ರರಿಗೆ ಒಂದು ಮಾತು. ನಿಮ್ಮ ಬಳಿ ಸಮಯವಿಲ್ಲ ಎಂದು ನನಗೆ ಗೊತ್ತು. ಒಂದೇ ದಿನ ಎರಡು ಕೋರ್ಟಿನಲ್ಲಿ ಪೋಸ್ಟಿಂಗ್ ಇರುವಾಗ ರಾಜಿಯ ಮಾತಿಗೆ ತೋಟದ ಯಜಮಾನರ ಮನೆವರೆಗೆ ಹೋಗುವವರು ಯಾರು? ಗುಮಾಸ್ತರನ್ನು ಕಳಿಸಿ. ನಾವು ಹೋಗುತ್ತಿದ್ದೆವು. ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿದು ಮಾತಾಡಿದರೆ ಅರ್ಧ ಕೇಸು ಅಲ್ಲೇ ಮುಗಿಯುತ್ತದೆ.

ಮನೆಯವರು ಯಾರಾದರೂ ಒಳಗಿದ್ದು ಈ ಪತ್ರ ಓದುತ್ತಿರುವವರಿಗೆ: ಕಾನೂನು ನೆರವಿನ ಸಹಾಯವಾಣಿ 15100. ದುಡ್ಡು ಕೊಡಬೇಕಾಗಿಲ್ಲ. ಸಹಿ ಹಾಕುವ ಮೊದಲು ಕರೆ ಮಾಡಿ.

ನಾನು ಹೇಳಿದ ಒಂದು ಪುಟದ ಕನ್ನಡ ಕಾಗದದ ಕರಡನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಕಾನೂನಿನ ಮಾತು ಎಲ್ಲಾದರೂ ತಪ್ಪಿದ್ದರೆ ತಿದ್ದಿಕೊಳ್ಳಿ, ಭಾಷೆ ಮಾತ್ರ ಇಷ್ಟೇ ಸುಲಭವಾಗಿರಲಿ. ಕನ್ನಡದಲ್ಲಿ ಬರೆದ ಪತ್ರಕ್ಕೆ ಸರ್ಕಾರಿ ಕಚೇರಿಗಳಿಂದ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ನಮಗಿದೆ. ಹಾಗಾಗಿ ನಿಮ್ಮ ಉತ್ತರವನ್ನೂ ಕನ್ನಡದಲ್ಲೇ ಕಾಯುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಕೀಲ ಗುಮಾಸ್ತ
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ